ಧ್ವನಿ ಮತ್ತು ಮುದ್ರಣದ ನಡುವಿನ ಜಾಗ

ನೀರು ಸರಬರಾಜು ಕಚೇರಿಯ ಹಿರಿಯ ಇಂಜಿನಿಯರರು ನಿವೃತ್ತರಾದ ದಿನ, ಬೀಳ್ಕೊಡುಗೆಗೆ ಹಾಡಲು ಒಪ್ಪಿಕೊಂಡಿದ್ದ ಗುಮಾಸ್ತೆಯ ಗಂಟಲು ಕಟ್ಟಿಹೋಯಿತು. ಕಾಫಿ ಇನ್ನೂ ಬಂದಿರಲಿಲ್ಲ. ಮೈಕಿನ ಮುಂದೆ ಯಾರೂ ಇರಲಿಲ್ಲ. ಖಾಲಿ ಮೈಕನ್ನು ನೋಡುತ್ತ ಎಷ್ಟು ಹೊತ್ತು ಕೂರುವುದು? ಹಿಂದಿನ ಸಾಲಿನಲ್ಲಿ ಯಾರೋ, "ನಮ್ಮ ಮೀಟರಪ್ಪ ಸಿಳ್ಳೆ ಹಾಕ್ತಾನಲ್ಲ, ಅವನನ್ನ ಬಿಡಿ" ಎಂದು ಅವನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ದೂಡಿದರು.

ಮೀಟರಪ್ಪ ಹದಿನಾಲ್ಕು ನಿಮಿಷ ಸಿಳ್ಳೆ ಹಾಕಿದ.

ಮುಗಿದಾಗ ಇಂಜಿನಿಯರರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡು, "ಇದನ್ನ ರೆಕಾರ್ಡ್ ಮಾಡಿಸಯ್ಯಾ" ಎಂದರು. ಕಾಫಿ ಬಂದು ಆರುತ್ತಿತ್ತು, ಇನ್ನೊಂದು ಶುರುವಾಗದಿರಲಿ ಎಂದೇ ಅವರು ಓಡಿಬಂದು ಕೈ ಹಿಡಿದುಕೊಂಡದ್ದು ಎಂದು ಆಮೇಲೆ ಕೆಲವರು ಹೇಳಿದ್ದುಂಟು. ಆದರೆ ಅದು ಮೀಟರಪ್ಪನ ಕಿವಿಗೆ ಬೀಳುವ ಹೊತ್ತಿಗೆ ರೆಕಾರ್ಡಿಂಗಿಗೆಂದು ಬ್ಯಾಂಕಿನ ಸಾಲ ಮಂಜೂರಾಗಿಬಿಟ್ಟಿತ್ತು.

ಅವನ ಕೆಲಸ ಮನೆಮನೆಗೂ ಹೋಗಿ ನೀರಿನ ಮೀಟರು ಓದಿ ಬರೆದುಕೊಳ್ಳುವುದು. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ನಡೆಯುವಾಗ ಬಾಯಿಗೆ ಬೇರೆ ಕೆಲಸವಿಲ್ಲದ್ದರಿಂದ ಸಿಳ್ಳೆ ಹತ್ತಿಕೊಂಡಿತು. ಬೇರೆಯವರ ಹಾಡನ್ನು ಅವನು ಹಾಕುತ್ತಿರಲಿಲ್ಲ, ಎಲ್ಲವೂ ಸ್ವಂತದ್ದೇ. ಹನ್ನೊಂದು ಧಾಟಿಗಳಿದ್ದವು, ಹನ್ನೊಂದಕ್ಕೂ ಹೆಸರಿತ್ತು: 'ಬೀಗ ಹಾಕಿದ ಮನೆ', 'ಸೋರುವ ನಲ್ಲಿ', 'ನಾಯಿ ಇದೆ ಎಚ್ಚರಿಕೆ', ಹೀಗೆ. ಕೊನೆಯದು ಮೊದಮೊದಲು ನಿಧಾನವಾಗಿದ್ದು ಆಮೇಲೆ ಏಕಾಏಕಿ ಓಟ ಹಿಡಿಯುತ್ತಿತ್ತು.

ಪೇಟೆಯ ಹಾಸಿಗೆ ಅಂಗಡಿಯ ಹಿಂದೆ ಒಂದು ಸ್ಟುಡಿಯೋ ಇತ್ತು. ಅಂಗಡಿಯವನ ತಮ್ಮನೇ ಅದನ್ನು ನಡೆಸುತ್ತಿದ್ದ. ಗೋಡೆಗೆಲ್ಲ ಮಾರಾಟವಾಗದ ಹಾಸಿಗೆಗಳನ್ನು ನಿಲ್ಲಿಸಿ ಹೊರಗಿನ ಸದ್ದು ತಡೆದಿದ್ದ. ಮೀಟರಪ್ಪ ಹೋಗಿ ವಿಚಾರಿಸಿದಾಗ ಅವನು ಕುತ್ತಿಗೆಗೆ ಹೆಡ್‌ಫೋನು ನೇತುಹಾಕಿಕೊಂಡೇ ಲೆಕ್ಕ ಹಾಕಿದ. ಆರು ದಿನದ ಬಾಡಿಗೆ, ಗಿಟಾರಿನವನು ಒಬ್ಬ, ಡೋಲಿನವನು ಒಬ್ಬ, ಐನೂರು ಸೀಡಿ, ಅದರ ಹೊದಿಕೆ. ಎಲ್ಲ ಸೇರಿ ಎರಡು ಲಕ್ಷ.

"ಸಿಳ್ಳೆ ನಂದೇ ಅಲ್ವಾ?" ಎಂದ ಮೀಟರಪ್ಪ, ಚೌಕಾಸಿ ಮಾಡುವ ಧೈರ್ಯವಿಲ್ಲದೆ.

"ಸಿಳ್ಳೆ ನಿಮ್ದೇ ಸಾರ್. ಸುತ್ತ ಇರೋ ನಿಶ್ಶಬ್ದ ನಮ್ದು. ದುಬಾರಿ ಅದೇ."

ಮೀಟರಪ್ಪ ಮಾರನೆಯ ದಿನ ಬ್ಯಾಂಕಿಗೆ ಹೋದ.

ಸಣ್ಣ ಉದ್ದಿಮೆಗಳಿಗೆ ಸಾಲ ಕೊಡುವ ಮೇಜಿನ ಹಿಂದೆ ಒಬ್ಬ ಮೇಡಂ ಕೂತಿದ್ದರು. ಅವರು ಬಹಳ ಚುರುಕು. ಎದುರಿಗೆ ಕೂತವರ ವಾಕ್ಯವನ್ನು ಅವರಿಗಿಂತ ಮೊದಲೇ ಮುಗಿಸಿಬಿಡುತ್ತಿದ್ದರು. ಮೀಟರಪ್ಪನೋ, ಮೇಜಿನ ಆಚೆ ಕೂತವರು ಏನು ಹೇಳಿದರೂ ಹೌದೆನ್ನುವ ಪ್ರಾಣಿ. ಇಂಥ ಇಬ್ಬರು ಎದುರುಬದುರಾದರೆ ವ್ಯವಹಾರ ಎಷ್ಟು ಬೇಗ ಮುಗಿಯುತ್ತದೆ ಎನ್ನುವುದನ್ನು ಯಾರು ಬೇಕಾದರೂ ಊಹಿಸಬಹುದು.

ಅರ್ಜಿಯಲ್ಲಿ 'ಉದ್ದಿಮೆಯ ಸ್ವರೂಪ' ಎಂಬ ಕಡೆ ಅವನು ದುಂಡಗಿನ ಅಕ್ಷರದಲ್ಲಿ 'ಧ್ವನಿಮುದ್ರಣ' ಎಂದು ಬರೆದಿದ್ದ. ಮೇಡಂ ಅದನ್ನು ಓದಿಕೊಂಡು ಕಂಪ್ಯೂಟರಿನ ಪಟ್ಟಿಯಲ್ಲಿ ಹುಡುಕಿದರು. ಮುದ್ರಣ ಇತ್ತು, ಧ್ವನಿ ಇರಲಿಲ್ಲ.

"ಮುದ್ರಣ ಸರಿ. ಈ ಧ್ವನಿ ಅನ್ನೋದು..."

"ಅದು ಮೇಡಂ, ಧ್ವನಿ ಅಂದ್ರೆ ನನ್ನ..."

"ನಿಮ್ಮ ಸಂಸ್ಥೆ ಹೆಸರು. ಚೆನ್ನಾಗಿದೆ. ಚಿಕ್ಕದಾಗಿದೆ."

"ಅಲ್ಲ, ಒಂದು ಯಂತ್ರದಲ್ಲಿ..."

"ಗೊತ್ತು, ಗೊತ್ತು. ನಮ್ಮ ಮಾವನವರದೂ ಇದೇ ಕಸುಬು. ಮೂವತ್ತು ವರ್ಷ ನಡೆಸಿದ್ರು. ಸದ್ದು ತಡೆಯೋಕಾಗಲ್ಲ ಅಂತ ನಮ್ಮತ್ತೆ ಬೈತಾನೇ ಇದ್ರು. ನಿಮ್ಮ ಮನೇಲಿ ಹೇಗೆ?"

"ನಮ್ಮನೇಲೂ ಬೈತಾರೆ" ಎಂದ ಮೀಟರಪ್ಪ. ಆ ಇಡೀ ಸಂದರ್ಶನದಲ್ಲಿ ಅವನು ಪೂರ್ತಿ ಹೇಳಿದ ಒಂದೇ ವಾಕ್ಯ ಅದು, ಮತ್ತು ಅದು ನಿಜವೂ ಆಗಿತ್ತು.

ಹತ್ತು ದಿನಕ್ಕೆ ಪತ್ರ ಬಂತು. 'ಧ್ವನಿ ಮುದ್ರಣ' ಎಂಬ ಉದ್ದಿಮೆಗೆ ಒಂದೂವರೆ ಲಕ್ಷ ಮಂಜೂರಾಗಿದೆ, ಉಳಿದ ಐವತ್ತು ಸಾವಿರವನ್ನು ಮಾಲೀಕರು ಸ್ವಂತ ಮೂಲದಿಂದ ಹೊಂದಿಸಬೇಕು. ಎರಡು ಪದಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದನ್ನು ಮೀಟರಪ್ಪ ಗಮನಿಸಲಿಲ್ಲ. 'ಮಾಲೀಕರು' ಎಂಬ ಪದವನ್ನೇ ನೋಡುತ್ತ ನಿಂತಿದ್ದ.

ಪತ್ರವನ್ನು ಮೊದಲು ಗಟ್ಟಿಯಾಗಿ ಓದಿದವನು ಅವನ ಹೆಂಡತಿಯ ತಮ್ಮ. ಅವನದು ಬ್ಯಾಟರಿ ಅಂಗಡಿ. ಭಾನುವಾರ ಅಕ್ಕನ ಮನೆಗೆ ಬಂದು ಕುರ್ಚಿಯಲ್ಲಿ ಕೂತು, ಭಾವ ಬದುಕಿನಲ್ಲಿ ಏನೇನು ಮಾಡಬಹುದಿತ್ತು ಎಂದು ಎಣಿಸುವುದು ಅವನ ವಾರದ ಬಿಡುವಿನ ಕೆಲಸ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮನೆಯ ಕಿಟಕಿ ಪರದೆಗೆ ಅಂಚು ಹಾಕುತ್ತಿದ್ದಳು.

"ಅಕ್ಕಾ!" ಎಂದ ಭಾಮೈದ ಕುರ್ಚಿಯಿಂದ ಎದ್ದು. "ಭಾವ ಪ್ರೆಸ್ ಹಾಕ್ತಿದಾರೆ!"

ಹೊಲಿಗೆ ಯಂತ್ರ ನಿಂತಿತು.

"ಅದು ಪ್ರೆಸ್ ಅಂದ್ರೆ..." ಎಂದು ಮೀಟರಪ್ಪ ಶುರುಮಾಡಿದ.

"ಸುಮ್ನಿರಿ ಭಾವ, ನಾಚಿಕೋಬೇಡಿ. ಬ್ಯಾಂಕಿನವರು ಒಂದೂವರೆ ಲಕ್ಷ ಸುಮ್ಸುಮ್ನೆ ಕೊಡ್ತಾರಾ? ನಿಮ್ಮ ಮುಖ ನೋಡಿ ಅಂತೂ ಕೊಟ್ಟಿರಲ್ಲ, ಯೋಜನೆ ನೋಡಿ ಕೊಟ್ಟಿದಾರೆ. ಮೂವತ್ತು ಸಾವಿರ ನಂದು. ತಗೊಳ್ಳಿ. ಆದ್ರೆ ಲಾಭದಲ್ಲಿ ನನಗೂ ಪಾಲು."

ಹೆಂಡತಿ ದಾರವನ್ನು ಹಲ್ಲಿನಿಂದ ಕತ್ತರಿಸಿ ಎದ್ದು ಬಂದಳು. ಪತ್ರವನ್ನು ತಮ್ಮನ ಕೈಯಿಂದ ತೆಗೆದುಕೊಂಡು ತಾನೂ ಓದಿದಳು. ಆಮೇಲೆ ಗಂಡನ ಭುಜದ ಮೇಲೆ ಕೈ ಇಟ್ಟಳು. ಜ್ವರವಿದ್ದಾಗ ಬಿಟ್ಟರೆ ಹೀಗೆ ಕೈ ಇಟ್ಟದ್ದು ಅವನಿಗೆ ನೆನಪಿರಲಿಲ್ಲ.

"ಒಂದು ಮಾತು ಹೇಳ್ಲಿಲ್ಲವಲ್ರೀ ನೀವು" ಎಂದಳು. "ಇಷ್ಟು ವರ್ಷ ಯಾರು ಕೇಳಿದ್ರೂ, ನಮ್ಮನೆಯವರು ಮೀಟರ್ ಓದ್ತಾರೆ ಅಂತ ಹೇಳಿ ಮಾತು ಬದಲಾಯಿಸ್ತಿದ್ದೆ."

ಆ ಕ್ಷಣದಲ್ಲಿ ಸತ್ಯ ಹೇಳಬೇಕಿತ್ತು ಎಂದು ನೀವು ಹೇಳಬಹುದು. ಭುಜದ ಮೇಲೆ ಆ ಕೈ ಇಲ್ಲದಿದ್ದರೆ ಮೀಟರಪ್ಪನೂ ಹೇಳುತ್ತಿದ್ದನೇನೋ. ಸಂಜೆಯೊಳಗೆ ಅವನ ಹೆಂಡತಿ ಬೀದಿಯ ಎರಡೂ ಸಾಲಿನ ಮನೆಗಳಿಗೆ ಸುದ್ದಿ ಮುಟ್ಟಿಸಿ ಬಂದಳು.

ಉಳಿದ ಇಪ್ಪತ್ತು ಸಾವಿರ ಪಕ್ಕದ ಮನೆಯಿಂದ ಬಂತು. ಅಲ್ಲಿ ನಿವೃತ್ತ ಹೆಡ್‌ಮಾಸ್ತರರಿದ್ದರು. ಮೂವತ್ತಾರು ವರ್ಷ ವ್ಯಾಕರಣ ಕಲಿಸಿದವರು. ಈಗಲೂ ಜೇಬಿನಲ್ಲಿ ಕೆಂಪು ಪೆನ್ನು ಇಟ್ಟುಕೊಂಡೇ ಓಡಾಡುತ್ತಿದ್ದರು. ಅಂಗಡಿಗಳ ಬೋರ್ಡಿನಲ್ಲಿ ತಪ್ಪು ಕಂಡರೆ ಒಳಗೆ ಹೋಗಿ ಹೇಳಿಯೇ ಮುಂದೆ ನಡೆಯುತ್ತಿದ್ದರು. ಬೀದಿಯ ಕ್ಷೌರಿಕ ಅವರ ಕಾಟಕ್ಕೆ ಬೋರ್ಡನ್ನೇ ಇಳಿಸಿಟ್ಟಿದ್ದ. ಅವರು ಹದಿನಾಲ್ಕು ನೋಟುಪುಸ್ತಕಗಳ ತುಂಬ ತಮ್ಮ ಆತ್ಮಕಥೆ ಬರೆದಿಟ್ಟಿದ್ದರು. ಯಾವ ಪ್ರಕಾಶಕರ ಹತ್ತಿರ ಹೋದರೂ 'ಕಡಿಮೆ ಮಾಡಿಕೊಂಡು ಬನ್ನಿ' ಎಂದಿದ್ದರಂತೆ.

"ಬದುಕಿದ್ದು ಎಪ್ಪತ್ತೊಂದು ವರ್ಷ. ಅದರಲ್ಲಿ ಯಾವ ವರ್ಷ ಕಡಿಮೆ ಮಾಡ್ಲಿ ಹೇಳು" ಎಂದು ಅವರು ಮೀಟರಪ್ಪನನ್ನು ಬೇಲಿಯ ಬಳಿ ನಿಲ್ಲಿಸಿ ಕೇಳಿದರು. "ನಿನ್ನದೇ ಮುದ್ರಣಾಲಯ ಆಯ್ತಲ್ಲ. ಇಪ್ಪತ್ತು ಸಾವಿರ ನಾನು ಹಾಕ್ತೀನಿ. ಬಡ್ಡಿ ಬೇಡ. ಪುಸ್ತಕ ಬರಲಿ."

ಮೀಟರಪ್ಪ ತಲೆ ಆಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ ಆಡಿಸಿದ್ದೆ ಎಂದು ಆಮೇಲೆ ಅವನು ವಾದಿಸಿದ. ಹೆಡ್‌ಮಾಸ್ತರರ ಕಣ್ಣಿಗೆ ಅದು ಸ್ಪಷ್ಟವಾಗಿ ಹೌದು.

ರಜೆ ಹಾಕಿ ಸ್ಟುಡಿಯೋ ಸೇರಿದ ಮೊದಲ ದಿನ ಸಿಳ್ಳೆಯೇ ಬರಲಿಲ್ಲ. ಹತ್ತೊಂಬತ್ತು ವರ್ಷ ನಡೆಯುತ್ತ ಹಾಕಿದ ಸಿಳ್ಳೆ, ನಿಂತುಕೊಂಡರೆ ಬಾಯಿಂದ ಬರೀ ಗಾಳಿಯಾಗಿ ಹೊರಟಿತು. ತುಟಿ ಒಣಗಿತು. ನೀರು ಕುಡಿದ. ಹೆಚ್ಚು ಕುಡಿದದ್ದಕ್ಕೆ ಹೊರಗೆ ಹೋಗಿಬಂದ. ಡೋಲಿನವನು ಹಾಸಿಗೆಗೆ ಒರಗಿ ಕಣ್ಣು ಮುಚ್ಚಿದವನು ಊಟದ ಹೊತ್ತಿಗೆ ಎದ್ದ. ಕೊನೆಗೆ ಸ್ಟುಡಿಯೋದವನೇ ಉಪಾಯ ಹೇಳಿದ. ಮೈಕಿನ ಮುಂದೆ ನಿಂತಲ್ಲೇ ಕಾಲು ಎತ್ತಿ ಎತ್ತಿ ಇಟ್ಟು ನಡೆಯಬೇಕು, ಚಪ್ಪಲಿ ಬಿಟ್ಟು, ಹಾಸಿಗೆಯ ಮೇಲೆ. ಮೀಟರಪ್ಪ ಹಾಗೆಯೇ ನಡೆದ. ಮೂರನೆಯ ಗೇಟು ದಾಟಿರಬೇಕು ಎನ್ನುವಷ್ಟರಲ್ಲಿ 'ಬೀಗ ಹಾಕಿದ ಮನೆ' ತಾನಾಗಿ ಹೊರಬಂತು. ಡೋಲಿನವನು ಬೆರಳಲ್ಲಿ ಮೆಲ್ಲಗೆ ತಟ್ಟತೊಡಗಿದ. ಗಿಟಾರಿನವನು ಸಿಗರೇಟು ಹಚ್ಚಲು ಹೋದವನು ಹಚ್ಚದೆ ಒಳಗೆ ಬಂದ.

ಮನೆಯಲ್ಲಿ ಮಾತ್ರ ದಿನವೂ ವಿಚಾರಣೆ. ಮೀಟರಪ್ಪನ ಜಾಯಮಾನ ಸುಳ್ಳು ಹೇಳುವುದಲ್ಲ. ಅವನು ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ ಎನ್ನುವುದನ್ನು ಇಲ್ಲಿ ದಾಖಲಿಸಬೇಕು.

"ಯಂತ್ರ ಬಂತಾ?" ಎಂದಳು ಹೆಂಡತಿ, ತಟ್ಟೆ ಮುಂದಿಟ್ಟು.

"ಯಂತ್ರ ಅಲ್ಲೇ ಇದೆ."

"ಎಷ್ಟು ಜನ ಇದಾರೆ ಕೆಲಸಕ್ಕೆ?"

"ನನ್ನ ಬಿಟ್ಟು ಮೂರು."

"ಬಣ್ಣದ್ದು ಮಾಡಬಹುದಾ, ಬರೀ ಕಪ್ಪಾ?"

ಅಂದು ಬೆಳಿಗ್ಗೆ ಸ್ಟುಡಿಯೋದವನು ಒಂದರ ಮೇಲೊಂದು ಧ್ವನಿಯ ಎಂಟು ಪದರ ಕೂರಿಸಬಹುದು ಎಂದಿದ್ದ. "ಎಂಟು" ಎಂದ ಮೀಟರಪ್ಪ.

"ಎಂಟು ಬಣ್ಣ!" ಎಂದಳು ಹೆಂಡತಿ. ಆ ಸುದ್ದಿಯೂ ಮರುದಿನ ಬೀದಿಗೆ ಹೋಯಿತು.

ಎಂಟು ಬಣ್ಣದ ಪ್ರೆಸ್ಸಿಗೆ ಕೆಲಸ ಬರದೆ ಇರುತ್ತದೆಯೇ? ಭಾಮೈದ ಊರೆಲ್ಲ ಸುತ್ತಿ ಆರ್ಡರು ತಂದ. ಹಲ್ಲಿನ ಡಾಕ್ಟರಿಗೆ ಚೀಟಿ ಪುಸ್ತಕ, ಬ್ಯಾಟರಿ ಅಂಗಡಿಗೆ ಬಿಲ್ಲು, ಎದುರು ಮನೆಯವರ ಮಗಳ ಮದುವೆಗೆ ಮುನ್ನೂರು ಕರೆಯೋಲೆ. ಮೀಟರಪ್ಪ ಅವನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಬಸ್ಸು ಹಿಡಿದು, ಊರಿನ ಆ ತುದಿಯ ಒಂದು ನಿಜವಾದ ಪ್ರೆಸ್ಸಿಗೆ ಹೋಗಿ, ಅಲ್ಲಿ ಪೂರ್ತಿ ಹಣ ತೆತ್ತು ಮಾಡಿಸಿಕೊಂಡು ಬಂದು, ಭಾಮೈದ ಒಪ್ಪಿಕೊಂಡಿದ್ದ ಕಡಿಮೆ ದರಕ್ಕೆ ಕೊಟ್ಟ. ಹೀಗೆ ಆರ್ಡರು ಹೆಚ್ಚಾದಷ್ಟೂ ಅವನ ಸಂಬಳ ಕರಗಿತು. ಮದುವೆಯ ಕರೆಯೋಲೆಯನ್ನು ಹೆಂಡತಿ ಮೂಗಿನ ಹತ್ತಿರ ಹಿಡಿದು, "ಹೊಸ ಶಾಯಿ ವಾಸನೆ" ಎಂದು ಕಣ್ಣು ಮುಚ್ಚಿಕೊಂಡಳು. ಅದನ್ನು ಕಂಡ ಮೇಲೆ ಅವನು ಇನ್ನೂ ಎರಡು ಆರ್ಡರು ಒಪ್ಪಿಕೊಂಡ.

ಹೆಡ್‌ಮಾಸ್ತರರೊಬ್ಬರದೇ ತಾಪತ್ರಯ. ಹದಿನಾಲ್ಕು ನೋಟುಪುಸ್ತಕಗಳನ್ನು ಚೀಲದಲ್ಲಿ ತುಂಬಿ ಬೇರೆ ಪ್ರೆಸ್ಸಿಗೆ ಕೊಡುವಷ್ಟು ಹಣ ಯಾರಲ್ಲಿತ್ತು?

"ಮೊದಲ ಅಧ್ಯಾಯದ ಕರಡು ಯಾವಾಗ?" ಎಂದು ಅವರು ದಿನವೂ ಬೇಲಿಯ ಬಳಿ ಕಾಯುತ್ತಿದ್ದರು.

"ಸರದಿ ಇದೆ ಸಾರ್."

"ಹಲ್ಲಿನ ಡಾಕ್ಟರ ಚೀಟಿ ನನ್ನ ಬಾಲ್ಯಕ್ಕಿಂತ ಮುಂಚೆ ಬಂತು?"

ಇದಕ್ಕೂ ಮೀಟರಪ್ಪ ತಲೆ ಆಡಿಸಿದ.

ಸೀಡಿಗಳು ಸಿದ್ಧವಾದ ವಾರವೇ ಬ್ಯಾಂಕಿನಿಂದ ಎರಡನೆಯ ಪತ್ರ ಬಂತು. ಸಾಲದ ಹಣದಿಂದ ಕೊಂಡ ಯಂತ್ರೋಪಕರಣಗಳನ್ನು ಪರಿಶೀಲಿಸಲು ಅಧಿಕಾರಿ ಗುರುವಾರ ಹನ್ನೊಂದು ಗಂಟೆಗೆ ಬರುವವರಿದ್ದರು. ಮೀಟರಪ್ಪ ಪತ್ರವನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ. ಹೆಂಡತಿ ಅಂಗಿಯನ್ನು ಒಗೆಯಲು ತೆಗೆದುಕೊಂಡಳು. ಅಲ್ಲಿಗೆ ಎಲ್ಲ ಮುಗಿಯಿತು, ಅಂದರೆ ಶುರುವಾಯಿತು.

"ನಾವೂ ಬರ್ತೀವಿ" ಎಂದಳು. "ಇಷ್ಟು ದಿನ ಆಯ್ತು, ಒಂದು ಸಲನಾದ್ರೂ ಪ್ರೆಸ್ ತೋರಿಸಿದೀರಾ?"

"ಪಾಲುದಾರ ನಾನಿಲ್ಲದೆ ತಪಾಸಣೆ ಹೇಗೆ ನಡೆಯತ್ತೆ?" ಎಂದ ಭಾಮೈದ.

ಹೆಡ್‌ಮಾಸ್ತರರು ಗುರುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದರು. ಕಂಕುಳಲ್ಲಿ ಮೊದಲನೆಯ ನೋಟುಪುಸ್ತಕವಿತ್ತು.

ಮೀಟರಪ್ಪ ಕೊನೆಯ ಪ್ರಯತ್ನವಾಗಿ ಸ್ಟುಡಿಯೋದವನಿಗೆ ಫೋನು ಮಾಡಿದ. "ಒಂದು ದಿನದ ಮಟ್ಟಿಗೆ ಒಂದು ಪ್ರಿಂಟಿಂಗ್ ಯಂತ್ರ ತಂದಿಡೋಕೆ ಆಗತ್ತಾ?"

"ಹಾಸಿಗೆ ಬೇಕಾದ್ರೆ ಎಷ್ಟು ಬೇಕೋ ಅಷ್ಟು ಇಡ್ತೀನಿ ಸಾರ್" ಎಂದ ಅವನು.

ಬ್ಯಾಂಕಿನ ಮೇಡಂ ಆಗಲೇ ಹಾಸಿಗೆ ಅಂಗಡಿಯ ಮುಂದೆ ನಿಂತು ವಿಳಾಸವನ್ನು ಮೂರನೆಯ ಸಲ ಓದುತ್ತಿದ್ದರು. ನಾಲ್ವರೂ ಬಸ್ಸಿಳಿದು ಬಂದರು. ಒಳಗೆ ಸಾಲಾಗಿ ಸುತ್ತಿಟ್ಟ ಹಾಸಿಗೆಗಳ ನಡುವೆ ಒಬ್ಬರ ಹಿಂದೊಬ್ಬರು ಅಡ್ಡಡ್ಡ ನಡೆದು ಹಿಂದಿನ ಕೋಣೆ ಸೇರಿದರು. ಬಾಗಿಲು ಹಾಕುತ್ತಿದ್ದಂತೆ ಪೇಟೆಯ ಸದ್ದು ಕತ್ತರಿಸಿದ ಹಾಗೆ ನಿಂತುಹೋಯಿತು.

"ಎಷ್ಟು ನಿಶ್ಶಬ್ದ!" ಎಂದರು ಮೇಡಂ. "ನಮ್ಮ ಮಾವನವರ ಪ್ರೆಸ್ಸಲ್ಲಿ ಮಾತೇ ಕೇಳ್ತಿರಲಿಲ್ಲ. ಯಂತ್ರ ಎಲ್ಲಿ?"

ಸ್ಟುಡಿಯೋದವನು ಮೇಜಿನ ಮೇಲಿದ್ದ, ಗುಂಡಿಗಳಿಂದ ತುಂಬಿದ ಪೆಟ್ಟಿಗೆಯನ್ನು ತೋರಿಸಿದ.

"ಇಷ್ಟೇನಾ? ಕಾಗದ ಎಲ್ಲಿಂದ ಒಳಗೆ ಹೋಗತ್ತೆ?"

"ಕಾಗದ ಹೋಗಲ್ಲ ಮೇಡಂ. ಗಾಳಿ ಹೋಗತ್ತೆ."

ಭಾಮೈದ ಬಗ್ಗಿ ಮೇಜಿನ ಕೆಳಗೆ ನೋಡಿದ. ಅಲ್ಲಿ ಒಂದು ಜೊತೆ ಚಪ್ಪಲಿ ಇತ್ತು. "ಭಾವ," ಎಂದ ಎದ್ದು ನಿಂತು, "ಮದುವೆ ಕರೆಯೋಲೆ ಇದರಲ್ಲಿ ಹೇಗೆ ಮಾಡಿದ್ರಿ?"

ಎಲ್ಲರೂ ಮೀಟರಪ್ಪನ ಕಡೆ ತಿರುಗಿದರು. ಆ ಕೋಣೆಯಲ್ಲಿ ಉಗುಳು ನುಂಗಿದರೂ ಕೇಳಿಸುತ್ತಿತ್ತು, ಮತ್ತು ಕೇಳಿಸಿತು. ಮೇಡಂ ಅವನ ವಾಕ್ಯವನ್ನು ಮುಗಿಸಿಕೊಡುತ್ತಾರೇನೋ ಎಂದು ಅವನು ಆಸೆಯಿಂದ ನೋಡಿದ. ಈ ಸಲ ಅವರಿಗೂ ಏನೂ ಹೊಳೆಯಲಿಲ್ಲ.

"ಒಂದ್ಸಲ ಹಾಕಪ್ಪ" ಎಂದ ಮೀಟರಪ್ಪ, ಸ್ಟುಡಿಯೋದವನಿಗೆ.

ಅವನು ಗುಂಡಿ ಒತ್ತಿದ. ಗೋಡೆಯ ಎರಡು ಮೂಲೆಗಳಿಂದ 'ಬೀಗ ಹಾಕಿದ ಮನೆ' ಹೊರಟಿತು. ಡೋಲು ದೂರದಲ್ಲಿ ಯಾರೋ ನಡೆದು ಬರುತ್ತಿರುವ ಹಾಗೆ, ಗಿಟಾರು ಗೇಟಿನ ಸರಪಳಿಯ ಹಾಗೆ. ನಡುವೆ ಸಿಳ್ಳೆ ಒಂದು ಮನೆಯ ಮುಂದೆ ನಿಂತು, ಕಿಟಕಿಯಲ್ಲಿ ಇಣುಕಿ, ಯಾರೂ ಇಲ್ಲವೆಂದು ತಿಳಿದ ಮೇಲೂ ಸ್ವಲ್ಪ ಹೊತ್ತು ಕಾಯುತ್ತಿತ್ತು. ನಾಲ್ಕು ನಿಮಿಷ. ಹೆಂಡತಿ ಸುತ್ತಿಟ್ಟ ಹಾಸಿಗೆಯೊಂದರ ಮೇಲೆ ಕೂತುಬಿಟ್ಟಳು.

ಮುಗಿದ ಮೇಲೆ ಮೊದಲು ಮಾತಾಡಿದವಳು ಅವಳೇ.

"ಎಂಟು ಬಣ್ಣ ಅಂದ್ರಿ."

ಅವಳು ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿರುತ್ತಿತ್ತು.

ಮೇಡಂ ಫೈಲು ತೆಗೆದರು. ಅವರ ಮುಖ ಮೇಜಿನ ಹಿಂದಿನ ಮುಖವಾಯಿತು. "ನೋಡಿ, ಮುದ್ರಣ ಘಟಕ ಅಂತ ಸಾಲ ತಗೊಂಡು ಬೇರೆ ಕೆಲಸಕ್ಕೆ ಬಳಸಿದೀರಿ. ಇದು ದುರ್ಬಳಕೆ. ಪೂರ್ತಿ ಹಣ ಒಂದೇ ಕಂತಲ್ಲಿ ವಾಪಸ್ ಕಟ್ಟಬೇಕಾಗತ್ತೆ."

"ನನ್ನ ಮೂವತ್ತು ಸಾವಿರ!" ಎಂದ ಭಾಮೈದ.

"ಸ್ವಲ್ಪ ಆ ಕಾಗದ ಕೊಡಿ" ಎಂದರು ಹೆಡ್‌ಮಾಸ್ತರರು.

ಅವರು ಅಷ್ಟು ಹೊತ್ತು ಮೂಲೆಯಲ್ಲಿ ನೋಟುಪುಸ್ತಕ ಎದೆಗವಚಿಕೊಂಡು ನಿಂತಿದ್ದರು. ಮುಖದ ಮೇಲೆ ಎಪ್ಪತ್ತೊಂದು ವರ್ಷ ಒಮ್ಮೆಗೇ ಕೂತಿತ್ತು. ಆದರೆ ಫೈಲಿನ ಹಾಳೆಯ ಮೇಲೆ ಕಣ್ಣು ಬಿದ್ದದ್ದೇ ತಡ, ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು.

"ಇದು ಅವನ ಅರ್ಜಿ. ಇಲ್ಲಿ 'ಧ್ವನಿಮುದ್ರಣ' ಅಂತ ಒಂದೇ ಪದ ಇದೆ. ಇದು ನಿಮ್ಮ ಮಂಜೂರಾತಿ. ಇಲ್ಲಿ ಎರಡು ಪದ. ನಡುವೆ ಈ ಜಾಗ ಬಿಟ್ಟವರು ಯಾರು?"

"ಅದು... ನಾನೇ ಟೈಪ್ ಮಾಡಿದ್ದು. ಜಾಗ ಬಿಟ್ರೆ ಏನಾಯ್ತು?"

"ಏನಾಯ್ತು!" ಹೆಡ್‌ಮಾಸ್ತರರ ದನಿ ಹಾಸಿಗೆಗಳಿಗೂ ಹೀರಿಕೊಳ್ಳಲಾಗದಷ್ಟು ಏರಿತು. "ಧ್ವನಿಯ ಮುದ್ರಣ, ಧ್ವನಿಮುದ್ರಣ. ತತ್ಪುರುಷ ಸಮಾಸ. ಸಮಾಸಪದವನ್ನ ಒಡೆದು ಬರೆಯೋದು ಅಂದ್ರೆ ಮನುಷ್ಯನ ತಲೆ ಒಂದು ಕಡೆ, ಮುಂಡ ಒಂದು ಕಡೆ ಇಟ್ಟ ಹಾಗೆ. ಈ ಮನುಷ್ಯ ಧ್ವನಿಯನ್ನ ಮುದ್ರಿಸ್ತೀನಿ ಅಂತ ಬರೆದ, ಮುದ್ರಿಸಿದ. ಮೋಸ ಎಲ್ಲಿದೆ? ತಪ್ಪು ಬ್ಯಾಂಕಿನದು. ಎಂಟನೇ ಕ್ಲಾಸಿನ ತಪ್ಪು."

ಮೇಡಂ ಎರಡೂ ಹಾಳೆಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ಫೈಲನ್ನು ಮೇಲಿನವರು ನೋಡಿದರೆ ಮೊದಲು ಯಾರನ್ನು ಕರೆಯುತ್ತಾರೆ ಎನ್ನುವುದು ಅವರಿಗೆ ತಕ್ಷಣ ಹೊಳೆದಿರಬೇಕು, ಚುರುಕಾದ ಹೆಂಗಸು.

"ಇದಕ್ಕೆ ಏನು ಮಾಡಬೇಕು?" ಎಂದರು ಮೆಲ್ಲಗೆ.

ಹೆಡ್‌ಮಾಸ್ತರರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಮೇಡಂ ಎರಡು ಪದಗಳ ನಡುವೆ, ಕೆಳಗಿನಿಂದ, ತೊಟ್ಟಿಲಿನಂಥ ಒಂದು ಗೆರೆ ಎಳೆದು ಕೂಡಿಸಿದರು. ಪಕ್ಕದಲ್ಲಿ ಸಹಿ ಹಾಕಿ ತಾರೀಖು ಬರೆದರು. ಧ್ವನಿಮುದ್ರಣ ಘಟಕ ನಡೆಯುತ್ತಿದೆ, ಯಂತ್ರೋಪಕರಣ ಸುಸ್ಥಿತಿಯಲ್ಲಿದೆ ಎಂದು ವರದಿಯಾಯಿತು. ಹೋಗುವಾಗ ಬಾಗಿಲ ಬಳಿ ತಿರುಗಿ, "ಆ ಸೀಡಿ ಒಂದು ಎಷ್ಟು?" ಎಂದು ಕೇಳಿ, ದುಡ್ಡು ಕೊಟ್ಟೇ ಕೊಂಡರು.

"ಸಾರ್," ಎಂದ ಮೀಟರಪ್ಪ, "ನೀವಿಲ್ಲದಿದ್ರೆ..."

"ನಿನ್ನ ಉಳಿಸಿದೆ ಅನ್ಕೋಬೇಡ. ಪದ ಉಳಿಸಿದೆ" ಎಂದು ಹೆಡ್‌ಮಾಸ್ತರರು ಪೆನ್ನು ಜೇಬಿಗೆ ಸಿಕ್ಕಿಸಿದರು. "ನನ್ನ ಇಪ್ಪತ್ತು ಸಾವಿರದ ಮಾತು ಬಾಕಿ ಇದೆ."

ಮರಳುವಾಗ ಬಸ್ಸಿನಲ್ಲಿ ಹೆಂಡತಿ ಮುಂದಿನ ಸೀಟಿನಲ್ಲಿ ಕೂತಳು. ಪಕ್ಕದ ಜಾಗ ಖಾಲಿ ಇದ್ದರೂ ಮೀಟರಪ್ಪ ಹಿಂದೆಯೇ ಉಳಿದ. ಮನೆಯ ಬೀದಿ ಬರುವ ಹೊತ್ತಿಗೆ ಅವಳು ತಿರುಗದೆಯೇ ಹೇಳಿದಳು.

"ಸಿಳ್ಳೆಗೆ ನನಗೆ ಬೇಜಾರಿಲ್ಲ. ಮನೆಮನೆಗೂ ಹೋಗಿ ಹೇಳಿದ್ನಲ್ರೀ. ಆಗ ನೀವು ನನ್ನ ಹೇಳೋಕೆ ಬಿಟ್ರಲ್ಲ, ಅದಕ್ಕೆ."

ನಾಲ್ಕು ದಿನ ಮನೆಯಲ್ಲಿ ಹೊಲಿಗೆ ಯಂತ್ರ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೀಟರಪ್ಪ ಬೀದಿಯಲ್ಲೂ ಸಿಳ್ಳೆ ಹಾಕುವುದನ್ನು ನಿಲ್ಲಿಸಿದ. ಅವನು ಬಂದದ್ದು ಗೊತ್ತಾಗದೆ ಜನ ಗೇಟುಗಳ ಬಳಿ ಬೆಚ್ಚಿಬೀಳತೊಡಗಿದರು. ಭಾಮೈದ ಭಾನುವಾರ ಬಂದು, ಐನೂರು ಸೀಡಿಗಳಲ್ಲಿ ಇನ್ನೂರನ್ನು ತನ್ನ ಪಾಲೆಂದು ಹೊತ್ತುಕೊಂಡು ಹೋದ. ದೊಡ್ಡ ಬ್ಯಾಟರಿ ಕೊಂಡವರಿಗೆ ಒಂದು ಸೀಡಿ ಉಚಿತವೆಂದು ಬೋರ್ಡು ಹಾಕಿದ. ಮೊದಲ ದಿನವೇ ಇಬ್ಬರು, ಸೀಡಿ ಬೇಡ, ಅದರ ಬೆಲೆ ಕಳೆದುಕೊಳ್ಳಿ ಎಂದರಂತೆ. ಮೂರನೆಯವನು ಮಾತ್ರ ಮರುದಿನ ಬಂದು, ಬ್ಯಾಟರಿ ಬೇಡ, ಸೀಡಿ ಇನ್ನೊಂದು ಕೊಡಿ ಎಂದನಂತೆ. ಅದನ್ನು ಹೇಳುವಾಗ ಭಾಮೈದನ ಮುಖದಲ್ಲಿ ಗೊಂದಲವಿತ್ತು.

ಐದನೆಯ ದಿನ ಎದುರು ಮನೆಯ ಹೆಂಗಸು ಬೇಕೆಂದೇ ಬಂದು ಕೇಳಿದಳು. "ಏನ್ರೀ, ಪ್ರೆಸ್ಸೇ ಇಲ್ಲವಂತೆ?"

ಒಳಗಿದ್ದ ಮೀಟರಪ್ಪ ಬಾಗಿಲಿಗೆ ಕಿವಿ ಕೊಟ್ಟ.

"ಪ್ರೆಸ್ಸು ಅಂದಿದ್ದೆ" ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಲೇ. "ಯಾವ ಪ್ರೆಸ್ಸು ಅಂತ ನೀವು ಕೇಳಿದ್ರಾ? ಧ್ವನಿದು. ಕಾಗದದ್ದಾದ್ರೆ ಊರಲ್ಲಿ ಹತ್ತಿದೆ."

ಎದುರು ಮನೆಯವಳು ಹೋದ ಮೇಲೆ ಹೆಂಡತಿ ಪಕ್ಕದ ಮನೆಗೆ ಹೋಗಿ, ಹೆಡ್‌ಮಾಸ್ತರರ ಮುಂದೆ ನಿಂತು, ಅವರ ಪುಸ್ತಕದ ವಿಷಯವನ್ನು ಅವಳೇ ತೀರ್ಮಾನಿಸಿದಳು. ಮುದ್ರಿಸಲು ಹದಿನಾಲ್ಕು ನೋಟುಪುಸ್ತಕಗಳಿವೆ, ಮುದ್ರಿಸುವ ಯಂತ್ರ ಧ್ವನಿಯದ್ದು. ಹಾಗಾದರೆ ಓದಲಿ. ಇಡೀ ಆತ್ಮಕಥೆಯನ್ನು ಅವರೇ ತಮ್ಮ ಬಾಯಿಂದ ಓದಲಿ, ಒಂದು ವರ್ಷವನ್ನೂ ಕಡಿಮೆ ಮಾಡದೆ. ಸ್ಟುಡಿಯೋದವನ ಹತ್ತಿರಕ್ಕೂ ಅವಳೇ ಹೋದಳು. ಹಳೆಯ ಹಾಸಿಗೆಗಳ ಮೇಲೆ ದಪ್ಪ ಪರದೆ ಹೊಲಿದು ಇಳಿಬಿಟ್ಟರೆ ನಿಶ್ಶಬ್ದ ಇನ್ನೂ ಚೆನ್ನಾಗಿರುತ್ತದೆ ಎಂದು ಅವನಿಗೆ ಮನವರಿಕೆ ಮಾಡಿಸಿ, ಹೊಲಿಗೆಯ ಕೂಲಿಯನ್ನು ಕೋಣೆಯ ಬಾಡಿಗೆಯಲ್ಲಿ ವಜಾ ಮಾಡಿಸಿದಳು. ಹೆಡ್‌ಮಾಸ್ತರರ ಸುದ್ದಿ ಕೇಳಿ ಒಬ್ಬ ನಿವೃತ್ತ ದಾದಿ, ಆಮೇಲೆ ಹಲ್ಲಿನ ಡಾಕ್ಟರ ತಾಯಿ, ತಮಗೂ ಹೇಳುವುದಿದೆ ಎಂದು ಮುಂಗಡ ಕೊಟ್ಟರು. ಬ್ಯಾಂಕಿನ ಕಂತಿಗೆ ದಾರಿಯಾಯಿತು.

ಓದು ಶನಿವಾರ ಮಧ್ಯಾಹ್ನಗಳಲ್ಲಿ ನಡೆಯಿತು. ಕೋಣೆಯ ನಡುವಿನ ಗಾಜಿನ ಆಚೆ ಮೈಕಿನ ಮುಂದೆ ಹೆಡ್‌ಮಾಸ್ತರರು. ಅವರು ಓದುತ್ತಿದ್ದದ್ದು ಮೂಲ ಪ್ರತಿ. ಅವರ ಎದುರು ಸ್ಟೂಲಿನ ಮೇಲೆ, ಪ್ರಕಾಶಕರಿಗೆಂದು ಅವರೇ ಕೈಯಾರೆ ಬರೆದಿಟ್ಟಿದ್ದ ನಕಲು ಪ್ರತಿ ಹಿಡಿದು ಮೀಟರಪ್ಪನ ಹೆಂಡತಿ. ಒಂದು ಸಾಲು ಬಿಟ್ಟುಹೋದರೆ, ಒಂದು ಅಕ್ಷರ ಆಚೀಚೆಯಾದರೆ ಅವಳು ಕೈ ಎತ್ತಬೇಕು. ಹೆಡ್‌ಮಾಸ್ತರರು ನಿಲ್ಲಿಸಿ, ಹಿಂದಿನ ಸಾಲಿನಿಂದ ಮತ್ತೆ ಓದಬೇಕು. ಹಾಗೆಂದು ಅವರೇ ಕಟ್ಟುನಿಟ್ಟು ಮಾಡಿದ್ದರು. "ನಾನು ಬರೆದದ್ದು ಬರೆದ ಹಾಗೇ ಬರಬೇಕು. ದಾಕ್ಷಿಣ್ಯ ಬೇಡಮ್ಮಾ." ಅವಳು ದಾಕ್ಷಿಣ್ಯ ತೋರಲಿಲ್ಲ. ಅವರು 'ಆದರೆ' ಎನ್ನುವಲ್ಲಿ 'ಆದರೂ' ಎಂದರೂ ಕೈ ಮೇಲೇರುತ್ತಿತ್ತು. ಗಾಜಿನ ಈಚೆ ಮೀಟರಪ್ಪ ಸ್ಟುಡಿಯೋದವನ ಪಕ್ಕದಲ್ಲಿ ಕೂತು ನೀರು, ಬಿಸಿ ಚಹಾ ನೋಡಿಕೊಳ್ಳುತ್ತಿದ್ದ.

ಏಳನೆಯ ಶನಿವಾರ ಹನ್ನೊಂದನೆಯ ನೋಟುಪುಸ್ತಕ. ಹೆಡ್‌ಮಾಸ್ತರರು ಈ ಬೀದಿಗೆ ಮನೆ ಮಾಡಿಕೊಂಡು ಬಂದ ಅಧ್ಯಾಯ. ಬಾವಿ, ಬೇಲಿ, ಕ್ಷೌರಿಕನ ಬೋರ್ಡು ಎಲ್ಲ ಬಂತು. ಆಮೇಲೆ ಅವರು ಪುಟ ತಿರುಗಿಸಿ, "ನಮ್ಮ ಪಕ್ಕದ ಮನೆಯಲ್ಲಿ" ಎಂದು ಓದಿ ನಿಲ್ಲಿಸಿದರು.

ಕೆಮ್ಮಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಲೆಯೆತ್ತಿ ಗಾಜಿನ ಕಡೆ ಒಮ್ಮೆ ನೋಡಿ, ಓದಿದರು.

"ನಮ್ಮ ಪಕ್ಕದ ಮನೆಯಲ್ಲಿ ಸಂಗೀತಗಾರರೊಬ್ಬರು ವಾಸವಾಗಿದ್ದರು."

ಸ್ಟೂಲಿನ ಮೇಲೆ ಕೂತಿದ್ದವಳ ಕೈ ಅರ್ಧಕ್ಕೆ ಎದ್ದಿತು. ಅಲ್ಲೇ ಒಂದು ಕ್ಷಣ ನಿಂತು, ಕಿವಿಯ ಹಿಂದಿನ ಕೂದಲನ್ನು ಸರಿಮಾಡಿ, ಮತ್ತೆ ಪುಸ್ತಕದ ಮೇಲೆ ಬಂದು ಕೂತಿತು. ಹೆಡ್‌ಮಾಸ್ತರರು ಮುಂದಿನ ಸಾಲಿಗೆ ಹೋದರು.

ಓದು ಮುಗಿದ ಮೇಲೆ ಮೀಟರಪ್ಪ ಲೋಟಗಳನ್ನು ಎತ್ತಿಡಲು ಒಳಗೆ ಹೋದ. ನಕಲು ಪ್ರತಿ ಸ್ಟೂಲಿನ ಮೇಲೆ ತೆರೆದೇ ಇತ್ತು. ಹೆಡ್‌ಮಾಸ್ತರರ ಮುತ್ತಿನಂಥ ಅಕ್ಷರ. 'ನಮ್ಮ ಪಕ್ಕದ ಮನೆಯಲ್ಲಿ, ಹೊತ್ತುಗೊತ್ತಿಲ್ಲದೆ ಸಿಳ್ಳೆ ಹಾಕುವ ದಡ್ಡನೊಬ್ಬ ವಾಸವಾಗಿದ್ದ.' ಅವನು ಆ ಸಾಲನ್ನು ಎರಡು ಸಲ ಓದಿ, ಪುಸ್ತಕವನ್ನು ಮುಚ್ಚಿ, ಮೇಲಿನ ಧೂಳನ್ನು ಅಂಗೈಯಿಂದ ಒರೆಸಿಟ್ಟ.

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದಳು. ಅವನು ಅವಳ ಪಕ್ಕ ಕೂತ. ಮೂರು ನಿಲ್ದಾಣ ದಾಟಿದ ಮೇಲೆ ಹೇಳಿದ.

"ಇವತ್ತು ಹೆಡ್‌ಮಾಸ್ತರರು ಒಂದು ಕಡೆ ತಪ್ಪು ಓದಿದ್ರು. ನೀನು ಕೈ ಎತ್ತಲಿಲ್ಲ."

"ಎಲ್ಲಿ?" ಎಂದಳು ಅವಳು, ಹೊರಗೆ ನೋಡುತ್ತಲೇ. "ನನಗೇನೂ ತಪ್ಪು ಕಾಣಿಸ್ಲಿಲ್ಲಪ್ಪ."